ಪುಟ್ಟಸ್ವಾಮಿ ಪ್ರಕರಣ: ತೀರ್ಪು ಬರುವಷ್ಟರಲ್ಲಿ ಆಧಾರ್ ಎಲ್ಲರ ಮನೆ ಸೇರಿತ್ತು

ಬೆಂಗಳೂರಿನಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ರಿಟ್ ಅರ್ಜಿ ಹಾಕಿದರು. ಆಗ ಅವರಿಗೆ 86 ವರ್ಷ. 1977ರಿಂದ 1986ರವರೆಗೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. ಅರ್ಜಿಯ ಸಂಖ್ಯೆ 494. ಇವತ್ತು ದೇಶದ ಯಾವುದೇ ಕೋರ್ಟಿನಲ್ಲಿ ಖಾಸಗಿತನದ ಮಾತು ಬಂದರೆ ವಕೀಲರು ಮೊದಲು ಹೇಳುವುದು ಈ ಕನ್ನಡಿಗರ ಹೆಸರನ್ನೇ.

ಅವರ ಮೂಲ ತಕರಾರು ತುಂಬಾ ಸರಳವಾಗಿತ್ತು. ಆಧಾರ್ ಕೊಡುವ ಪ್ರಾಧಿಕಾರ ಹುಟ್ಟಿದ್ದು 2009ರ ಜನವರಿ 28ರ ಒಂದು ಸರ್ಕಾರಿ ಅಧಿಸೂಚನೆಯಿಂದ. ಯೋಜನಾ ಆಯೋಗದ ಕೆಳಗೆ ಅದನ್ನು ಕೂರಿಸಿದರು. ಹಿಂದೆ ಯಾವ ಕಾಯ್ದೆಯೂ ಇರಲಿಲ್ಲ. 2010ರಲ್ಲಿ ಒಂದು ಮಸೂದೆ ಸಂಸತ್ತಿಗೆ ಬಂತು. ಯಶವಂತ ಸಿನ್ಹಾ ನೇತೃತ್ವದ ಸ್ಥಾಯಿ ಸಮಿತಿ 2011ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ಆದರೂ ಜನರ ಬೆರಳಚ್ಚು, ಕಣ್ಣಿನ ಪಾಪೆ ಸ್ಕ್ಯಾನ್ ಮಾಡುವ ಕೆಲಸ ನಿಲ್ಲಲಿಲ್ಲ. ಸಂಸತ್ತು ಒಪ್ಪದೆ ಇರುವಾಗ ಯಾವ ಅಧಿಕಾರದ ಮೇಲೆ ಇದನ್ನು ಮಾಡುತ್ತಿದ್ದೀರಿ? ನಿವೃತ್ತ ನ್ಯಾಯಮೂರ್ತಿ ಕೇಳಿದ್ದು ಇಷ್ಟು. ಖಾಸಗಿತನದ ದೊಡ್ಡ ಪ್ರಶ್ನೆ ಬೆಳೆದದ್ದು ಇದರ ಒಳಗಿನಿಂದಲೇ.

ಮೂರು ಅಂಕಿಗಳನ್ನು ಈಗಲೇ ಹೇಳಿಬಿಡುತ್ತೇನೆ. 2012ರ ಅಕ್ಟೋಬರ್‌ನಲ್ಲಿ, ಅರ್ಜಿ ಹಾಕಿದ ಆಸುಪಾಸಿನಲ್ಲಿ, ಆಧಾರ್ ಪಡೆದವರು 21 ಕೋಟಿ. 2016ರ ಏಪ್ರಿಲ್‌ನಲ್ಲಿ 100 ಕೋಟಿ. 2018ರ ಸೆಪ್ಟೆಂಬರ್‌ನಲ್ಲಿ ಅಂತಿಮ ತೀರ್ಪು ಬಂದಾಗ 120 ಕೋಟಿಗೂ ಜಾಸ್ತಿ. ಈ ಪ್ರಕರಣವನ್ನು ಹಕ್ಕಿನ ದೊಡ್ಡ ಗೆಲುವು ಎಂದು ಬಹಳ ಜನ ಬರೆದಿದ್ದಾರೆ. ಗೆಲುವು ನಿಜ. ಆದರೆ ಕೋರ್ಟು ಯೋಚಿಸುತ್ತಿದ್ದ ಆ ಆರು ವರ್ಷಗಳಲ್ಲಿ ಸರ್ಕಾರ ಕಾಯುತ್ತಾ ಕೂರಲಿಲ್ಲ. ತೀರ್ಪು ಎಷ್ಟು ಮುಖ್ಯವೋ ಅದಕ್ಕೆ ಹಿಡಿದ ಕಾಲವೂ ಅಷ್ಟೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಪ್ರಕರಣವನ್ನು ಆ ದೃಷ್ಟಿಯಿಂದಲೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಒಂದು ಗುರುತಿನ ಸಂಖ್ಯೆ ಕಣ್ಗಾವಲು ಆಗುವುದು ಹೇಗೆ

ಫೋನ್ ಕದ್ದು ಕೇಳಿದರೆ ಅದು ಕಣ್ಗಾವಲು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಕರ್ನಾಟಕದ ಹಿರಿಯರಿಗಂತೂ ಚೆನ್ನಾಗಿ ಗೊತ್ತು. ಫೋನ್ ಕದ್ದಾಲಿಕೆ ವಿವಾದದಲ್ಲಿ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಹುದ್ದೆ ಬಿಟ್ಟರು. ಆಧಾರ್ ಹಾಗೆ ಕಾಣುವುದಿಲ್ಲ. ಒಂದು ಕಾರ್ಡು, ಅದರ ಮೇಲೆ 12 ಅಂಕಿ. ಅದರಲ್ಲಿ ಹೆದರುವಂಥದ್ದು ಏನಿದೆ ಎಂದು ಇವತ್ತಿಗೂ ಬಹಳ ಜನ ಕೇಳುತ್ತಾರೆ. ಪ್ರಾಮಾಣಿಕ ಪ್ರಶ್ನೆ, ಉತ್ತರ ಕೊಡಬೇಕು.

ನೋಂದಣಿ ಮಾಡಿಸುವಾಗ ಹತ್ತು ಬೆರಳಿನ ಅಚ್ಚು, ಎರಡು ಕಣ್ಣಿನ ಪಾಪೆಯ ಚಿತ್ರ, ಒಂದು ಫೋಟೊ, ಹೆಸರು, ವಿಳಾಸ, ಹುಟ್ಟಿದ ದಿನ ಕೊಡುತ್ತೇವೆ. ಇವೆಲ್ಲ ಒಂದು ಕೇಂದ್ರ ಭಂಡಾರಕ್ಕೆ ಸೇರುತ್ತವೆ. ಅದರ ಸರ್ವರ್‌ಗಳು ಬೆಂಗಳೂರಿನಲ್ಲೂ ಹರಿಯಾಣದ ಮಾನೇಸರ್‌ನಲ್ಲೂ ಇವೆ. ಆಮೇಲೆ ನ್ಯಾಯಬೆಲೆ ಅಂಗಡಿಯಲ್ಲಿ ‘ತಂಬ್ ಕೊಡಿ’ ಅಂದಾಗ ಬೆರಳು ಒತ್ತುತ್ತೇವೆ. ಆ ಅಚ್ಚು ಭಂಡಾರಕ್ಕೆ ಹೋಗಿ ಹೊಂದುತ್ತದೋ ಇಲ್ಲವೋ ಎಂಬ ಉತ್ತರ ತರುತ್ತದೆ. ಹೌದು ಅಥವಾ ಇಲ್ಲ, ಅಷ್ಟೇ. ನೀವು ಯಾವ ಕೆಲಸಕ್ಕೆ ಬೆರಳು ಕೊಟ್ಟಿರಿ ಎಂಬುದು ನಮಗೆ ತಿಳಿಯುವುದಿಲ್ಲ ಎಂದು ಸರ್ಕಾರ ಕೋರ್ಟಿನಲ್ಲಿ ಪದೇ ಪದೇ ಹೇಳಿತು.

ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಪೂರ್ತಿ ಚಿತ್ರವೂ ಅಲ್ಲ. ಯಾವ ಸಂಸ್ಥೆ ಕೇಳಿತು, ಯಾವ ಹೊತ್ತಿನಲ್ಲಿ ಕೇಳಿತು, ಯಾವ ಯಂತ್ರದಿಂದ ಕೇಳಿತು ಎಂಬ ದಾಖಲೆ ಉಳಿಯುತ್ತದೆ. ಅದನ್ನು ಐದು ವರ್ಷಕ್ಕೂ ಮೀರಿ ಇಟ್ಟುಕೊಳ್ಳಲು ನಿಯಮಗಳಲ್ಲಿ ಜಾಗ ಇತ್ತು. ಒಬ್ಬ ಮನುಷ್ಯ ರೇಷನ್‌ಗೆ, ಬ್ಯಾಂಕಿಗೆ, ಆಸ್ಪತ್ರೆಗೆ, ಸಿಮ್‌ಗೆ, ಪಿಂಚಣಿಗೆ ಒಂದೇ ಸಂಖ್ಯೆ ಕೊಡುತ್ತಾ ಹೋದರೆ ಏನಾಗುತ್ತದೆ? ಬೇರೆ ಬೇರೆ ಇಲಾಖೆಗಳಲ್ಲಿ ಚದುರಿದ್ದ ಅವನ ಬದುಕು ಆ ಒಂದು ಸಂಖ್ಯೆಯಿಂದ ಜೋಡಿಸುವಂತಾಗುತ್ತದೆ. ಜೋಡಿಸಿದ್ದಾರೆ ಎಂದು ಅರ್ಜಿದಾರರು ಹೇಳಲಿಲ್ಲ. ಜೋಡಿಸಲು ಸಾಧ್ಯ, ತಡೆಯುವ ಕಾನೂನು ಇಲ್ಲ ಎಂದರು. ನನಗೆ ಈ ವಾದ ಸರಿ ಕಾಣುತ್ತದೆ. ಇವತ್ತಿನ ಅಧಿಕಾರಿ ಒಳ್ಳೆಯವರೇ ಇರಬಹುದು. ಭಂಡಾರ ಮಾತ್ರ ಅವರು ವರ್ಗವಾಗಿ ಹೋದ ಮೇಲೂ ಇರುತ್ತದೆ.

ಇದು ಬರೀ ಊಹೆಯಲ್ಲ ಎಂದು ತೋರಿಸಿದ ಘಟನೆ ಗೋವಾದಲ್ಲಿ ನಡೆಯಿತು. ವಾಸ್ಕೋದ ಶಾಲೆಯೊಂದರಲ್ಲಿ ಏಳು ವರ್ಷದ ಮಗುವಿನ ಮೇಲೆ ಅತ್ಯಾಚಾರ ನಡೆದಿತ್ತು. ತನಿಖೆ ಮಾಡುತ್ತಿದ್ದ ಸಿಬಿಐ ಬಳಿ ಬೆರಳಚ್ಚುಗಳಿದ್ದವು. ಅವನ್ನು ಹೋಲಿಸಿ ನೋಡಲು ಗೋವಾದ ಎಲ್ಲರ ಆಧಾರ್ ಬೆರಳಚ್ಚು ಕೊಡಿ ಎಂದು ಸಿಬಿಐ ಕೇಳಿತು. ಅಪರಾಧ ಎಷ್ಟು ಘೋರ ಎಂದರೆ ಕೊಡಲಿ ಬಿಡಿ ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಹಾಗೆ ಕೊಟ್ಟರೆ ರೇಷನ್ನಿಗೆಂದು ಬೆರಳು ಕೊಟ್ಟ ಇಡೀ ರಾಜ್ಯದ ಜನ ಪೊಲೀಸ್ ತನಿಖೆಯ ಶಂಕಿತರಾಗುತ್ತಾರೆ. ಆಧಾರ್ ಪ್ರಾಧಿಕಾರವೇ ಇದನ್ನು ವಿರೋಧಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಇಲ್ಲದೆ ಬಯೋಮೆಟ್ರಿಕ್ ಮಾಹಿತಿ ಯಾರಿಗೂ ಕೊಡಬೇಡಿ ಎಂದು ಕೋರ್ಟು 2014ರ ಮಾರ್ಚ್ 24ರಂದು ಹೇಳಿತು. ಒಂದು ಕೆಲಸಕ್ಕೆಂದು ಕೂಡಿಟ್ಟ ಮಾಹಿತಿಯನ್ನು ಇನ್ನೊಂದು ಕೆಲಸಕ್ಕೆ ಕೇಳುವುದು ಎಷ್ಟು ಬೇಗ ಶುರುವಾಯಿತು ನೋಡಿ. ಮೊದಲ ಆಧಾರ್ ಸಂಖ್ಯೆ ಕೊಟ್ಟು ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ.

ಮಧ್ಯಂತರ ಆದೇಶಗಳ ಕಾಲ

ಪುಟ್ಟಸ್ವಾಮಿಯವರ ಅರ್ಜಿಯ ಜೊತೆ ಇನ್ನೂ ಹಲವು ಅರ್ಜಿಗಳು ಸೇರಿದವು. ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಒಬ್ಬ ಅರ್ಜಿದಾರರು. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿದ, ಕೋಲಾರ ಚಿನ್ನದ ಗಣಿ ಪ್ರದೇಶದ ಬೆಜವಾಡ ವಿಲ್ಸನ್ ಇನ್ನೊಬ್ಬರು. ಬೇರೆ ಬೇರೆ ಬದುಕಿನಿಂದ ಬಂದ ಜನ ಒಂದೇ ಪ್ರಶ್ನೆ ಹಿಡಿದು ನಿಂತರು.

2013ರ ಸೆಪ್ಟೆಂಬರ್ 23ರಂದು ಕೋರ್ಟು ಮೊದಲ ಮುಖ್ಯ ಆದೇಶ ಕೊಟ್ಟಿತು. ಆಧಾರ್ ಇಲ್ಲ ಎಂಬ ಕಾರಣಕ್ಕೆ ಯಾರಿಗೂ ತೊಂದರೆ ಆಗಬಾರದು ಎಂದಿತು. 2015ರ ಆಗಸ್ಟ್ 11ರಂದು ಇನ್ನೂ ಬಿಗಿ ಮಾಡಿತು. ಪಡಿತರ, ಸೀಮೆಎಣ್ಣೆ, ಅಡುಗೆ ಅನಿಲ ಬಿಟ್ಟು ಬೇರೆಲ್ಲೂ ಬಳಸಬೇಡಿ, ಅಲ್ಲೂ ಕಡ್ಡಾಯ ಮಾಡಬೇಡಿ ಎಂದಿತು. ಅದೇ ವರ್ಷದ ಅಕ್ಟೋಬರ್ 15ರಂದು, ಚಿಕ್ಕಮಗಳೂರು ಜಿಲ್ಲೆಯವರೇ ಆದ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರ ಪೀಠ ಪಟ್ಟಿಯನ್ನು ಸ್ವಲ್ಪ ಹಿಗ್ಗಿಸಿತು. ಉದ್ಯೋಗ ಖಾತ್ರಿ, ಪಿಂಚಣಿ, ಜನಧನ್, ಭವಿಷ್ಯ ನಿಧಿ ಸೇರಿದವು. ಆದರೂ ಸ್ವಯಂ ಇಚ್ಛೆಯಿಂದ ಮಾತ್ರ ಎಂದು ಒತ್ತಿ ಹೇಳಿತು.

ಕಾಗದದ ಮೇಲೆ ಇದು ಗಟ್ಟಿ ರಕ್ಷಣೆ. ಕೌಂಟರ್ ಮುಂದೆ ಹಾಗಿರಲಿಲ್ಲ. ‘ಆಧಾರ್ ತನ್ನಿ’ ಎಂದು ಗುಮಾಸ್ತರು ಹೇಳಿದರೆ, ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶ ತೋರಿಸಿ ವಾದ ಮಾಡುವವರು ಎಷ್ಟು ಜನ?

ಈ ನಡುವೆ ರಾಜಕೀಯವೂ ತಿರುವುಮುರುವಾಯಿತು. ಆಧಾರ್ ತಂದಿದ್ದು ಯುಪಿಎ ಸರ್ಕಾರ. ಅದರ ರೂವಾರಿ ನಂದನ್ ನಿಲೇಕಣಿ 2014ರಲ್ಲಿ ಬೆಂಗಳೂರು ದಕ್ಷಿಣದಿಂದ ಕಾಂಗ್ರೆಸ್ ಅಭ್ಯರ್ಥಿಯಾದರು. ಆಧಾರ್ ಅನ್ನು ಟೀಕಿಸುತ್ತಿದ್ದ ಬಿಜೆಪಿಯ ಅನಂತಕುಮಾರ್ ಎದುರು ಸೋತರು. ಆಮೇಲೆ ಆಧಾರ್ ಅನ್ನು ಅತಿ ವೇಗವಾಗಿ ಬೆಳೆಸಿದ್ದು ಬಿಜೆಪಿ ನೇತೃತ್ವದ ಸರ್ಕಾರವೇ. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರಲ್ಲಿ ಕಾಂಗ್ರೆಸ್ಸಿನ ಜೈರಾಂ ರಮೇಶ್ ಇದ್ದರು. ಜನರ ಮಾಹಿತಿ ಕೈಗೆ ಸಿಗುವ ಯಂತ್ರವನ್ನು ಅಧಿಕಾರದಲ್ಲಿರುವ ಯಾವ ಪಕ್ಷವೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಇದನ್ನು ಒಂದು ಪಕ್ಷದ ತಪ್ಪು ಎಂದು ನೋಡಿದರೆ ಪ್ರಕರಣ ಅರ್ಥವಾಗುವುದಿಲ್ಲ.

ಖರಕ್ ಸಿಂಗ್ ಮನೆಯ ಬಾಗಿಲು

2015ರ ವಿಚಾರಣೆಯಲ್ಲಿ ಅಟಾರ್ನಿ ಜನರಲ್ ಮುಕುಲ್ ರೋಹಟಗಿ ಒಂದು ವಾದ ಮುಂದಿಟ್ಟರು. ಭಾರತದ ಸಂವಿಧಾನದಲ್ಲಿ ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದರು. ಆಧಾರವಾಗಿ ಎರಡು ಹಳೆಯ ತೀರ್ಪು ತೋರಿಸಿದರು. ಒಂದು 1954ರ ಎಂ.ಪಿ. ಶರ್ಮಾ ಪ್ರಕರಣ, ಎಂಟು ನ್ಯಾಯಮೂರ್ತಿಗಳದ್ದು. ಇನ್ನೊಂದು 1962ರ ಖರಕ್ ಸಿಂಗ್ ಪ್ರಕರಣ, ಆರು ನ್ಯಾಯಮೂರ್ತಿಗಳದ್ದು.

ಖರಕ್ ಸಿಂಗ್ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಉತ್ತರ ಪ್ರದೇಶದ ಈ ಮನುಷ್ಯನ ಮೇಲೆ ಒಂದು ಡಕಾಯಿತಿ ಆರೋಪ ಇತ್ತು. ಸಾಕ್ಷ್ಯ ಸಾಲದೆ ಬಿಡುಗಡೆಯಾಯಿತು. ಆದರೂ ಪೊಲೀಸರು ಅವನ ಹೆಸರಿನಲ್ಲಿ ಒಂದು ಹಾಳೆ ತೆರೆದಿಟ್ಟರು. ನಮ್ಮಲ್ಲಿ ರೌಡಿ ಶೀಟ್ ಅನ್ನುತ್ತಾರಲ್ಲ, ಆ ಥರದ್ದು. ರಾತ್ರಿ ಹೊತ್ತು ಕಾನ್‌ಸ್ಟೆಬಲ್ ಬಂದು ಬಾಗಿಲು ಬಡಿಯುವುದು. ಮಲಗಿದವನನ್ನು ಎಬ್ಬಿಸುವುದು. ಊರು ಬಿಟ್ಟು ಹೋಗುವುದಾದರೆ ಎಲ್ಲಿಗೆ, ಯಾವಾಗ ವಾಪಸ್ ಎಂದು ಹೇಳಿ ಹೋಗಬೇಕಾಗಿತ್ತು. ಅವನು ಕೋರ್ಟಿಗೆ ಹೋದ. ರಾತ್ರಿ ಮನೆಗೆ ನುಗ್ಗುವುದು ತಪ್ಪು ಎಂದು ಕೋರ್ಟು ಹೇಳಿತು. ಆದರೆ ಹಿಂಬಾಲಿಸುವುದು, ಓಡಾಟ ಬರೆದಿಟ್ಟುಕೊಳ್ಳುವುದು ನಡೆಯುತ್ತದೆ ಎಂದಿತು. ಯಾಕೆಂದರೆ ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಎಂಬುದು ಬಹುಮತದ ನಿಲುವು.

ಆ ಪೀಠದಲ್ಲಿ ನ್ಯಾಯಮೂರ್ತಿ ಕೆ. ಸುಬ್ಬರಾವ್ ಒಪ್ಪಲಿಲ್ಲ. ಮೈ ಮುಟ್ಟದೆ, ದಾರಿ ತಡೆಯದೆ ಬರೀ ನೋಡುತ್ತಲೇ ಇದ್ದರೂ ಮನುಷ್ಯನ ಮನಸ್ಸಿಗೆ ಕಟ್ಟು ಬೀಳುತ್ತದೆ, ಅದು ಸ್ವಾತಂತ್ರ್ಯಕ್ಕೆ ಬಿದ್ದ ಪೆಟ್ಟೇ ಎಂಬುದು ಅವರ ಭಿನ್ನ ತೀರ್ಪಿನ ತಿರುಳು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಬರೆದ ಈ ಮಾತು ನಮ್ಮ ಕಾಲಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಅವತ್ತು ಒಬ್ಬನನ್ನು ಹಿಂಬಾಲಿಸಲು ಒಬ್ಬ ಕಾನ್‌ಸ್ಟೆಬಲ್ ನಿದ್ದೆಗೆಡಬೇಕಿತ್ತು. ಈಗ ಬೇಕಿಲ್ಲ.

1975ರ ನಂತರ ಹಲವು ಸಣ್ಣ ಪೀಠಗಳು ಖಾಸಗಿತನದ ಪರ ಮಾತಾಡಿದ್ದವು. ಫೋನ್ ಕದ್ದಾಲಿಕೆ ಖಾಸಗಿತನದ ಉಲ್ಲಂಘನೆ ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ 1996ರಲ್ಲೇ ತೀರ್ಪಾಗಿತ್ತು. ಆದರೆ ಎಂಟು ನ್ಯಾಯಮೂರ್ತಿಗಳ ಮಾತನ್ನು ಇಬ್ಬರ ಪೀಠ ತಳ್ಳಿಹಾಕುವಂತಿಲ್ಲ. ಹಾಗಾಗಿ ದೊಡ್ಡ ಪೀಠ ಬೇಕು ಎಂದು 2015ರ ಆಗಸ್ಟ್‌ನಲ್ಲಿ ಪ್ರಶ್ನೆಯನ್ನು ಮೇಲಕ್ಕೆ ಕಳಿಸಿದರು.

ಆ ಒಂಬತ್ತು ಜನರ ಪೀಠ ಕೂತಿದ್ದು 2017ರ ಜುಲೈನಲ್ಲಿ. ಹತ್ತಿರ ಹತ್ತಿರ ಎರಡು ವರ್ಷ ಬಿಟ್ಟು.

ಆ ಎರಡು ವರ್ಷ

ಇಡೀ ಪ್ರಕರಣದಲ್ಲಿ ನನಗೆ ಅತಿ ಬೇಸರ ತರಿಸುವ ಭಾಗ ಇದೇ. ಖಾಸಗಿತನ ಹಕ್ಕು ಹೌದೋ ಅಲ್ಲವೋ ಎಂಬುದು ತೀರ್ಮಾನವಾಗದೆ ಆಧಾರ್ ಅರ್ಜಿಗಳನ್ನು ಮುಂದೆ ಒಯ್ಯುವಂತಿರಲಿಲ್ಲ. ತೀರ್ಮಾನಿಸಬೇಕಾದ ಪೀಠ ರಚನೆಯಾಗಲಿಲ್ಲ. ಅಷ್ಟರಲ್ಲಿ ಏನೇನಾಯಿತು ನೋಡಿ.

2016ರ ಮಾರ್ಚ್‌ನಲ್ಲಿ ಆಧಾರ್ ಕಾಯ್ದೆ ಬಂತು. ಅದನ್ನು ಹಣಕಾಸು ಮಸೂದೆ ಎಂದು ಕರೆದು ಲೋಕಸಭೆಯಲ್ಲಿ ತಂದರು. ಹಾಗೆ ಕರೆದರೆ ರಾಜ್ಯಸಭೆಗೆ ತಡೆಯುವ ಅಧಿಕಾರ ಇಲ್ಲ, ಸಲಹೆ ಕೊಡಬಹುದು ಅಷ್ಟೇ. ರಾಜ್ಯಸಭೆ ಸೂಚಿಸಿದ ತಿದ್ದುಪಡಿಗಳನ್ನು ಲೋಕಸಭೆ ತಳ್ಳಿಹಾಕಿತು. 2017ರಲ್ಲಿ ಪ್ಯಾನ್ ಜೊತೆ ಜೋಡಣೆ ಕಡ್ಡಾಯವಾಯಿತು. ಮಾರ್ಚ್ 23ರಂದು ದೂರಸಂಪರ್ಕ ಇಲಾಖೆ ಎಲ್ಲಾ ಮೊಬೈಲ್ ಸಂಖ್ಯೆಗಳಿಗೆ ಆಧಾರ್ ಜೋಡಿಸಿ ಎಂದಿತು. ಸುಪ್ರೀಂ ಕೋರ್ಟೇ ಹೇಳಿದೆ ಎಂದು ಕಾರಣ ಕೊಟ್ಟಿತು. ತಾವು ಹಾಗೆ ಆದೇಶ ಕೊಟ್ಟೇ ಇಲ್ಲ ಎಂದು ನ್ಯಾಯಮೂರ್ತಿಗಳು 2018ರ ಏಪ್ರಿಲ್‌ನಲ್ಲಿ ತೆರೆದ ಕೋರ್ಟಿನಲ್ಲಿ ಹೇಳಬೇಕಾಯಿತು. ಅಷ್ಟರಲ್ಲಿ ಕೋಟ್ಯಂತರ ಜನ ಮೊಬೈಲ್ ಅಂಗಡಿಗಳಲ್ಲಿ ಸಾಲು ನಿಂತು ಬೆರಳು ಒತ್ತಿ ಬಂದಿದ್ದರು. 2017ರ ಜೂನ್‌ನಲ್ಲಿ ಬ್ಯಾಂಕ್ ಖಾತೆಗಳ ಸರದಿ. ಡಿಸೆಂಬರ್ 31ರೊಳಗೆ ಜೋಡಿಸದಿದ್ದರೆ ಖಾತೆ ನಿಲ್ಲುತ್ತದೆ ಎಂಬ ಮೆಸೇಜುಗಳು ನಿಮಗೂ ನೆನಪಿರಬೇಕು.

ಮಾಹಿತಿಯ ರಕ್ಷಣೆ ಹೇಗಿತ್ತು? ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸುಮಾರು 210 ವೆಬ್‌ಸೈಟುಗಳಲ್ಲಿ ಫಲಾನುಭವಿಗಳ ಹೆಸರು, ವಿಳಾಸ, ಆಧಾರ್ ಸಂಖ್ಯೆ ಎಲ್ಲರಿಗೂ ಕಾಣುವಂತೆ ಬಿದ್ದಿದ್ದವು. ಪ್ರಾಧಿಕಾರವೇ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ 2017ರಲ್ಲಿ ಕೊಟ್ಟ ಉತ್ತರ ಇದು. ಕೇಂದ್ರ ಭಂಡಾರದಿಂದ ಏನೂ ಸೋರಿಲ್ಲ ಎಂದು ಅದು ಹೇಳಿತು. ಸೋರಿದ್ದು ಎಲ್ಲಿಂದಾದರೇನು, ಸೋರಿದ ಸಂಖ್ಯೆ ನನ್ನದೇ ತಾನೇ?

ಅದೇ ವರ್ಷ ಗೋಕರ್ಣದಿಂದ ಒಂದು ಸುದ್ದಿ ಬಂತು. ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಜುಲೈನಲ್ಲಿ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡಿದ್ದರು. ಆಧಾರ್ ಜೋಡಣೆಯಾಗದ ಕಾರಣಕ್ಕೆ ಆ ಮನೆಗೆ ತಿಂಗಳುಗಟ್ಟಲೆ ರೇಷನ್ ಸಿಕ್ಕಿರಲಿಲ್ಲ, ಹಸಿವಿನಿಂದ ಸತ್ತರು ಎಂದು ಪಿಯುಸಿಎಲ್ ಸತ್ಯಶೋಧನೆ ಹೇಳಿತು. ಸರ್ಕಾರ ಒಪ್ಪಲಿಲ್ಲ, ಸಾವಿಗೆ ಬೇರೆ ಕಾರಣ ಎಂದಿತು. ಖಾಸಗಿತನ ಉಳ್ಳವರ ಚಿಂತೆ, ಬಡವರಿಗೆ ಅನ್ನ ಮುಖ್ಯ ಎಂದು ಆಗ ಜಾಸ್ತಿ ಕೇಳಿಬರುತ್ತಿದ್ದ ವಾದ. ನಾನು ಅದನ್ನು ಒಪ್ಪುವುದಿಲ್ಲ. ಅಕ್ಕಿಗಾಗಿ ಬೆರಳು ಒತ್ತಲೇಬೇಕಾದವರು ಬಡವರೇ. ಕಲ್ಲು ಹೊತ್ತು, ಬೀಡಿ ಕಟ್ಟಿ ಬೆರಳಿನ ಗೆರೆ ಸವೆದವರೂ ಅವರೇ. ಯಂತ್ರ ಗುರುತಿಸದಿದ್ದರೆ ಬರಿಗೈಲಿ ವಾಪಸ್ ಹೋಗುವವರೂ ಅವರೇ.

547 ಪುಟ

2017ರ ಜುಲೈ 19ರಿಂದ ಆಗಸ್ಟ್ 2ರವರೆಗೆ ವಿಚಾರಣೆ ನಡೆಯಿತು. ಎರಡು ವರ್ಷ ಕಾಯಿಸಿದ ಪ್ರಶ್ನೆಗೆ ವಾದ ಮುಗಿಸಲು ಎರಡು ವಾರ ಸಾಕಾಯಿತು. ಕೇಂದ್ರದ ವಾದವನ್ನು ವಿರೋಧಿಸಿ ಮೂರು ರಾಜ್ಯಗಳು ಮತ್ತು ಒಂದು ಕೇಂದ್ರಾಡಳಿತ ಪ್ರದೇಶ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದವು. ಅವುಗಳಲ್ಲಿ ಕರ್ನಾಟಕವೂ ಒಂದು. ಪಶ್ಚಿಮ ಬಂಗಾಳ, ಪಂಜಾಬ್, ಪುದುಚೇರಿ ಉಳಿದವು. ಕಪಿಲ್ ಸಿಬಲ್ ಇವುಗಳ ಪರ ನಿಂತರು.

ಆಗಸ್ಟ್ 24ರಂದು ತೀರ್ಪು. ಮುಖ್ಯ ನ್ಯಾಯಮೂರ್ತಿ ಜೆ.ಎಸ್. ಖೇಹರ್ ಪೀಠದ ಒಂಬತ್ತೂ ಜನ ಒಂದೇ ಮಾತು ಹೇಳಿದರು. ದಕ್ಷಿಣ ಕನ್ನಡದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಪೀಠದಲ್ಲಿದ್ದರು. ಆರು ಪ್ರತ್ಯೇಕ ತೀರ್ಪುಗಳು, ಒಟ್ಟು 547 ಪುಟ. ಖಾಸಗಿತನ ಮೂಲಭೂತ ಹಕ್ಕು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಒಳಗೇ ಇದೆ ಎಂದರು. ಖರಕ್ ಸಿಂಗ್ ತೀರ್ಪಿನ ಆ ಭಾಗ ಬಿದ್ದುಹೋಯಿತು. ಸುಬ್ಬರಾವ್ ಅವರ ಭಿನ್ನಮತ 55 ವರ್ಷದ ಮೇಲೆ ಕಾನೂನಾಯಿತು. ತುರ್ತು ಪರಿಸ್ಥಿತಿಯಲ್ಲಿ ಬಂಧನ ಪ್ರಶ್ನಿಸಿ ಕೋರ್ಟಿಗೆ ಹೋಗುವಂತಿಲ್ಲ ಎಂದಿದ್ದ ಎಡಿಎಂ ಜಬಲ್ಪುರ ತೀರ್ಪನ್ನೂ ಇದರಲ್ಲೇ ತಳ್ಳಿಹಾಕಿದರು. ಹಾಗೆ ತಳ್ಳಿಹಾಕಿ ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್. 1976ರಲ್ಲಿ ಆ ತೀರ್ಪಿಗೆ ಸಹಿ ಹಾಕಿದ್ದವರಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡ್ ಒಬ್ಬರು.

ಹಕ್ಕು ಎಂದರೆ ಮಿತಿಯೇ ಇಲ್ಲ ಎಂದಲ್ಲ. ಸರ್ಕಾರ ನಮ್ಮ ಖಾಸಗಿ ಬದುಕಿನೊಳಗೆ ಬರಬೇಕಾದರೆ ಮೂರು ಪರೀಕ್ಷೆ ಪಾಸಾಗಬೇಕು ಎಂದರು. ಒಂದು ಕಾನೂನು ಇರಬೇಕು. ಉದ್ದೇಶ ನ್ಯಾಯವಾಗಿರಬೇಕು. ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟೇ ಒಳಗೆ ಬರಬೇಕು. ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ನೆಗಡಿ ಬಂತೆಂದು ಮೂಗು ಕೊಯ್ಯಬಾರದು. ಕಳ್ಳ ರೇಷನ್ ಕಾರ್ಡು ಹಿಡಿಯಬೇಕು ಎಂದರೆ ಕಳ್ಳ ಕಾರ್ಡು ಹಿಡಿಯುವಷ್ಟು ಮಾಹಿತಿ ಸಾಕು. ದುರುಪಯೋಗ ತಡೆಯುವ ವ್ಯವಸ್ಥೆಯೂ ಇರಬೇಕು ಎಂದು ನ್ಯಾಯಮೂರ್ತಿ ಎಸ್.ಕೆ. ಕೌಲ್ ಸೇರಿಸಿದರು.

38 ದಿನದ ವಾದ, ನಾಲ್ಕು ಮತ್ತು ಒಂದು

ಹಕ್ಕು ಸಿಕ್ಕಿತು. ಆ ಅಳತೆಗೋಲು ಹಿಡಿದು ಆಧಾರ್ ಅನ್ನು ಅಳೆಯುವ ಕೆಲಸ ಬಾಕಿ ಇತ್ತು. 2018ರ ಜನವರಿ 17ರಿಂದ ಮೇ 10ರವರೆಗೆ 38 ದಿನ ವಾದ ನಡೆಯಿತು. ಕೇಶವಾನಂದ ಭಾರತಿ ಪ್ರಕರಣ ಬಿಟ್ಟರೆ ಅಷ್ಟು ದೀರ್ಘ ವಾದ ಅಲ್ಲಿಯವರೆಗೆ ನಡೆದಿರಲಿಲ್ಲ. ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್, ಮಾಹಿತಿ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆಗಳ ಹಿಂದೆ ಭದ್ರವಾಗಿದೆ ಎಂದರು. ಗೋಡೆಯ ದಪ್ಪದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಗೋಡೆಯ ಒಳಗಿರುವವರಿಗೆ ಏನು ಲಗಾಮು ಎಂಬುದು ಪ್ರಶ್ನೆಯಾಗಿತ್ತು. ಪ್ರಾಧಿಕಾರದ ಸಿಇಒ ಕೋರ್ಟಿನಲ್ಲಿ ಪ್ರಾತ್ಯಕ್ಷಿಕೆ ಕೊಟ್ಟರು. ಬೆರಳಚ್ಚು ದೃಢೀಕರಣ ದೇಶದ ಮಟ್ಟದಲ್ಲಿ ನೂರಕ್ಕೆ 6ರಷ್ಟು, ಕಣ್ಣಿನ ಪಾಪೆಯದು 8.54ರಷ್ಟು ವಿಫಲವಾಗುತ್ತದೆ ಎಂದು ಅರ್ಜಿದಾರರ ಪ್ರಶ್ನೆಗೆ ಪ್ರಾಧಿಕಾರ ಉತ್ತರಿಸಿತು.

ಸೆಪ್ಟೆಂಬರ್ 26ರಂದು ತೀರ್ಪು ಬಂತು. ಐವರ ಪೀಠದಲ್ಲಿ ನಾಲ್ವರು ಆಧಾರ್ ಎತ್ತಿ ಹಿಡಿದರು. ಬಹುಮತದ ತೀರ್ಪು ಬರೆದವರು ಎ.ಕೆ. ಸಿಕ್ರಿ. ಸರ್ಕಾರಿ ಸಬ್ಸಿಡಿ, ಸೌಲಭ್ಯಗಳಿಗೆ ಆಧಾರ್ ಕೇಳಬಹುದು. ಪ್ಯಾನ್ ಜೋಡಣೆಯೂ ಸರಿ. ಬ್ಯಾಂಕ್ ಖಾತೆ, ಸಿಮ್ ಜೋಡಣೆ ರದ್ದು. ಖಾಸಗಿ ಕಂಪನಿಗಳು ಬಳಸಲು ದಾರಿ ಮಾಡಿದ್ದ 57ನೇ ಸೆಕ್ಷನ್‌ನ ಆ ಭಾಗ ರದ್ದು. ಶಾಲೆಗೆ ಸೇರಿಸಲು ಮಗುವಿನ ಆಧಾರ್ ಕೇಳುವಂತಿಲ್ಲ. ದೃಢೀಕರಣದ ದಾಖಲೆ ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದೇಶದ ಭದ್ರತೆಯ ಹೆಸರಿನಲ್ಲಿ ಅಧಿಕಾರಿಯೊಬ್ಬರ ಆದೇಶದ ಮೇಲೆ ಮಾಹಿತಿ ಕೊಡುವ ಅವಕಾಶವೂ ಹೋಯಿತು. ಇವೆಲ್ಲ ಸಣ್ಣ ಗೆಲುವುಗಳಲ್ಲ.

ಒಬ್ಬರೇ ಒಪ್ಪದವರು ಚಂದ್ರಚೂಡ್. ಆಧಾರ್ ಅನ್ನು ಹಣಕಾಸು ಮಸೂದೆಯಾಗಿ ತಂದಿದ್ದು ಸಂವಿಧಾನಕ್ಕೆ ಮಾಡಿದ ವಂಚನೆ, ಹಾಗಾಗಿ ಇಡೀ ಕಾಯ್ದೆ ನಿಲ್ಲುವುದಿಲ್ಲ ಎಂದರು. ಮುಂದಿನ ವರ್ಷ ಜಮೈಕಾದ ಸುಪ್ರೀಂ ಕೋರ್ಟು ತನ್ನ ದೇಶದ ಗುರುತಿನ ಸಂಖ್ಯೆ ಕಾನೂನನ್ನು ರದ್ದು ಮಾಡಿತು. ಅದು ಆಧಾರವಾಗಿ ಹಿಡಿದುಕೊಂಡಿದ್ದು ಈ ಭಿನ್ನ ತೀರ್ಪನ್ನು.

ಬಹುಮತದ ತೀರ್ಪು ಓದುವಾಗ ಒಂದು ಧ್ವನಿ ಮತ್ತೆ ಮತ್ತೆ ಕೇಳುತ್ತದೆ. ಯೋಜನೆ ಇಷ್ಟು ಬೆಳೆದಿದೆ, ಇಷ್ಟು ಜನ ಸೇರಿದ್ದಾರೆ, ಲೋಪ ಇದ್ದರೆ ಸರಿಪಡಿಸೋಣ, ಯೋಜನೆಯನ್ನೇ ಕಿತ್ತುಹಾಕುವುದು ಬೇಡ ಎಂಬ ಧ್ವನಿ. 21 ಕೋಟಿ ಇದ್ದಾಗ ಇದೇ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಈ ಮಾತಿಗೆ ಇಷ್ಟು ತೂಕ ಇರುತ್ತಿತ್ತೇ? ನನಗೆ ಹಾಗನಿಸುವುದಿಲ್ಲ. ನ್ಯಾಯಮೂರ್ತಿಗಳ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುತ್ತಿಲ್ಲ. 120 ಕೋಟಿ ಜನರ ಕೈಯಲ್ಲಿರುವುದನ್ನು ವಾಪಸ್ ತೆಗೆದುಕೊಳ್ಳಿ ಎನ್ನುವುದು ಯಾವ ಕೋರ್ಟಿಗೂ ಕಷ್ಟ.

ತೀರ್ಪಿನ ನಂತರದ ಕರ್ನಾಟಕ ಮತ್ತು ದೇಶ

ಹಕ್ಕಿನ ತೀರ್ಪು ಸುಮ್ನೆ ಪುಸ್ತಕದಲ್ಲಿ ಉಳಿಯಲಿಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ 2018ರಲ್ಲಿ ಬಿದ್ದದ್ದು ಇದರ ಬಲದಿಂದ. ಬಾಂಬೆ ಹೈಕೋರ್ಟು 2019ರಲ್ಲಿ ಫೋನ್ ಕದ್ದಾಲಿಕೆ ಆದೇಶಗಳನ್ನು ರದ್ದು ಮಾಡಿದ್ದೂ ಹಾಗೇ.

ಆದರೆ 2020ರ ಮಾರ್ಚ್ ಬಂತು. ಮೂರು ವರ್ಷದ ಹಿಂದೆ ಖಾಸಗಿತನದ ಪರ ನಿಂತಿದ್ದ ಕರ್ನಾಟಕದಲ್ಲಿ ಸರ್ಕಾರ ಬದಲಾಗಿತ್ತು, ಕೊರೊನಾ ಭಯ ಇತ್ತು. ಹೋಂ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿ ಬಹಿರಂಗವಾಯಿತು. ಗಂಟೆಗೊಂದು ಸೆಲ್ಫಿ ಕಳಿಸಿ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ವಿನಾಯ್ತಿ ಎಂದು ಆದೇಶ ಬಂತು. ಸೋಂಕು ತಡೆಯುವ ಉದ್ದೇಶ ಸರಿಯೇ. ವಿಳಾಸ ಊರಿಗೆಲ್ಲ ಹಂಚುವುದು ಆ ಉದ್ದೇಶಕ್ಕೆ ಬೇಕಿತ್ತೇ? ಮೂರನೇ ಪರೀಕ್ಷೆ ಕೇಳುವ ಪ್ರಶ್ನೆ ಇದು. ಆಗ ಅದನ್ನು ಯಾರೂ ಕೇಳಿಕೊಳ್ಳಲಿಲ್ಲ. ಆರೋಗ್ಯ ಸೇತು ಆ್ಯಪ್ ವಿಷಯದಲ್ಲಿ ಮಾತ್ರ ಕರ್ನಾಟಕ ಹೈಕೋರ್ಟು ಎಚ್ಚರದಿಂದ ನಡೆದುಕೊಂಡಿತು. ಬಳಕೆದಾರರ ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಅವರ ಮಾಹಿತಿ ಹಂಚಬೇಡಿ ಎಂದು 2021ರ ಜನವರಿಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು.

ಫೋನಿನೊಳಗೆ ನುಸುಳಿ ಬೇಹುಗಾರಿಕೆ ಮಾಡುವ ಪೆಗಾಸಸ್ ಕುತಂತ್ರಾಂಶದ ವಿಷಯದಲ್ಲೂ ಸುಪ್ರೀಂ ಕೋರ್ಟು ಈ ತೀರ್ಪನ್ನೇ ಹಿಡಿದು ಸಮಿತಿ ರಚಿಸಿತು. ಕರ್ನಾಟಕ ಹೈಕೋರ್ಟಿನಿಂದ ಮೇಲೇರಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅದರ ಉಸ್ತುವಾರಿ ಹೊತ್ತರು. 29 ಫೋನ್‌ಗಳಲ್ಲಿ ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಪೆಗಾಸಸ್ ಎಂದು ಖಚಿತವಾಗಿಲ್ಲ, ಕೇಂದ್ರ ಸಹಕರಿಸಲಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ಕೋರ್ಟು ತಿಳಿಸಿತು.

ಆಧಾರ್ ತೀರ್ಪು ಮುಚ್ಚಿದ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. 2019ರ ತಿದ್ದುಪಡಿ ಬ್ಯಾಂಕು, ಸಿಮ್‌ಗೆ ‘ಸ್ವಯಂ ಇಚ್ಛೆ’ಯ ಹೆಸರಿನಲ್ಲಿ ಆಧಾರ್ ವಾಪಸ್ ತಂದಿತು. 2025ರ ಜನವರಿಯ ನಿಯಮಗಳು ಖಾಸಗಿ ಸಂಸ್ಥೆಗಳೂ ದೃಢೀಕರಣಕ್ಕೆ ಅರ್ಜಿ ಹಾಕಲು ಅವಕಾಶ ಕೊಟ್ಟವು. ಹಣಕಾಸು ಮಸೂದೆಯ ಪ್ರಶ್ನೆಯನ್ನು 2019ರ ನವೆಂಬರ್‌ನಲ್ಲಿ ಐವರ ಪೀಠವೊಂದು ಮತ್ತೆ ಎತ್ತಿ ಏಳು ಜನರ ಪೀಠಕ್ಕೆ ಕಳಿಸಿತು. ಆಧಾರ್ ತೀರ್ಪನ್ನು ಮರುಪರಿಶೀಲಿಸಿ ಎಂಬ ಅರ್ಜಿಗಳು 2021ರ ಜನವರಿಯಲ್ಲಿ ವಜಾ ಆದವು. ಅಲ್ಲೂ ಒಪ್ಪದೆ ಉಳಿದವರು ಚಂದ್ರಚೂಡ್ ಒಬ್ಬರೇ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ನಿಮ್ಮ ಕೈಯಲ್ಲಿ ಇರುವುದೂ ಸ್ವಲ್ಪ ಇದೆ. ಸಿಮ್ ಕೊಳ್ಳುವಾಗ, ಬ್ಯಾಂಕ್ ಖಾತೆ ತೆರೆಯುವಾಗ ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ ಕೊಟ್ಟರೂ ನಡೆಯುತ್ತದೆ. ಆಧಾರ್ ಸಂಖ್ಯೆಯ ಬದಲು 16 ಅಂಕಿಯ ವರ್ಚುವಲ್ ಐಡಿ ಕೊಡಬಹುದು. ಬೆರಳಚ್ಚನ್ನು ಲಾಕ್ ಮಾಡಿಟ್ಟು ಬೇಕಾದಾಗ ಮಾತ್ರ ತೆರೆಯಬಹುದು. ನಿಮ್ಮ ಸಂಖ್ಯೆಯನ್ನು ಕಳೆದ ಆರು ತಿಂಗಳಲ್ಲಿ ಯಾರು ಯಾವಾಗ ದೃಢೀಕರಿಸಿದರು ಎಂಬುದು ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಒಮ್ಮೆ ತೆರೆದು ನೋಡಿ.

ಇನ್ನು ಒಂಬತ್ತು ನ್ಯಾಯಮೂರ್ತಿಗಳ ತೀರ್ಪಿನ ಹೊತ್ತಿಗೇ ಮಾತು ಶುರುವಾಗಿದ್ದ ದತ್ತಾಂಶ ರಕ್ಷಣೆಯ ಕಾನೂನು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲೇ ಕರಡು ಕೊಟ್ಟಿತು. 2019ರ ಮಸೂದೆಯನ್ನು 2022ರಲ್ಲಿ ವಾಪಸ್ ಪಡೆದರು. ಕಾಯ್ದೆ ಆಗಿದ್ದು 2023ರ ಆಗಸ್ಟ್‌ನಲ್ಲಿ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಎಂದು ಹೇಳಿ ಕೇಂದ್ರ ತನ್ನ ಯಾವ ಸಂಸ್ಥೆಯನ್ನಾದರೂ ಒಂದು ಅಧಿಸೂಚನೆಯಿಂದ ಈ ಕಾಯ್ದೆಯ ಹೊರಗಿಡಬಹುದು ಎಂದು ಅದರ 17ನೇ ಸೆಕ್ಷನ್ ಹೇಳುತ್ತದೆ. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ಮಾಹಿತಿ ಇಟ್ಟುಕೊಳ್ಳುವವರ ಮುಖ್ಯ ಹೊಣೆಗಳು ಜಾರಿಗೆ ಬರಲು ಅದರಲ್ಲಿ 18 ತಿಂಗಳ ಕಾಲಾವಕಾಶ ಇದೆ. ಅಲ್ಲಿಗೆ 2027ರ ಮೇ ಆಗುತ್ತದೆ. ಅಷ್ಟರೊಳಗೆ 17ನೇ ಸೆಕ್ಷನ್ ಕೆಳಗೆ ಯಾವ ಯಾವ ಸಂಸ್ಥೆಗಳ ಹೆಸರು ಹೊರಬೀಳುತ್ತದೆ ಎಂಬುದನ್ನು ಪತ್ರಕರ್ತರು, ವಕೀಲರು, ನಾವೆಲ್ಲ ಅಧಿಸೂಚನೆ ಬಂದ ದಿನವೇ ಓದಬೇಕು. ಪ್ರಶ್ನಿಸುವಂಥದ್ದು ಇದ್ದರೆ ಕೋರ್ಟಿಗೆ ಹೋಗುವುದೂ ಆ ವಾರವೇ ಆಗಬೇಕು.